ಹೋಪಿ ಮಡಕೆ: ಮೊದಲು ಮೈ ನೋಡಿ, ಆಮೇಲೆ ಚಿತ್ತಾರ

ಅಮೆರಿಕದ ಮೂಲನಿವಾಸಿಗಳಾದ ಹೋಪಿಗಳ ಹಳೆಯ ಮಡಕೆಗಳ ಮಾತು ಬಂದರೆ ಸಾಮಾನ್ಯವಾಗಿ ಅದು ಚಿತ್ತಾರದಲ್ಲೇ ನಿಂತುಬಿಡುತ್ತದೆ. ಹಕ್ಕಿಯ ರೆಕ್ಕೆ, ಹದ್ದಿನ ಬಾಲ, ಸುರುಳಿ ಸುತ್ತಿದ ಗರಿ, ಕೂದಲೆಳೆಯಂಥ ಗೆರೆಗಳ ಸಾಲು. ಹರಾಜಿನ ಕ್ಯಾಟಲಾಗುಗಳಲ್ಲಿ ಫೋಟೊ ತೆಗೆಯುವುದೂ ಚಿತ್ತಾರ ಚೆನ್ನಾಗಿ ಕಾಣಲಿ ಅಂತಲೇ. ಆದರೆ ಒಂದು ಗಡಿಗೆ ಯಾವ ಕಾಲದ್ದು, ಹೇಗೆ ಬೆಂದದ್ದು, ಯಾವ ಕೈಯಿಂದ ಬಂದಿರಬಹುದು ಅನ್ನುವುದನ್ನು ಹೆಚ್ಚು ನಂಬಿಕೆಯಿಂದ ಹೇಳುವುದು ಅದರ ಮೈ. ಬಿಳಿ ಲೇಪ ಬಳಿದಿದ್ದಾರೋ, ಬರಿ ಜೇಡಿಯನ್ನೇ ಕಲ್ಲಿನಿಂದ ಉಜ್ಜಿ ಹೊಳಪು ತಂದಿದ್ದಾರೋ? ಹಳದಿ ಒಂದೇ ಸಮನಾಗಿದೆಯೋ, ಅಲ್ಲಲ್ಲಿ ಕೆಂಪಿಗೆ ತಿರುಗಿದೆಯೋ? 19ನೇ ಶತಮಾನದ ಕೊನೆಗೆ ಫಸ್ಟ್ ಮೆಸಾ ಎಂಬ ಹೋಪಿ ಗುಡ್ಡದ ಊರುಗಳಲ್ಲಿ ನಡೆದ ಈ ಕಲೆಯ ಪುನರುಜ್ಜೀವನವನ್ನೂ ನಾನು ಈ ಕಡೆಯಿಂದಲೇ ನೋಡುತ್ತೇನೆ. ಹಳೆಯ ಚಿತ್ರಗಳು ಮರಳಿ ಬಂದದ್ದು ನಿಜ. ಅದಕ್ಕಿಂತ ಕಷ್ಟದ ಕೆಲಸ ಹಳೆಯ ಮೈಯನ್ನು ಮರಳಿ ತಂದದ್ದು.

ಹೋಪಿಗಳ ಊರುಗಳಿರುವುದು ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಭಾಗದಲ್ಲಿ, ಬ್ಲ್ಯಾಕ್ ಮೆಸಾ ಪ್ರಸ್ಥಭೂಮಿಯ ದಕ್ಷಿಣದ ಅಂಚಿನಲ್ಲಿ ಚಾಚಿಕೊಂಡ ಚಪ್ಪಟೆ ನೆತ್ತಿಯ ಗುಡ್ಡಗಳ ಮೇಲೆ. ಪೂರ್ವದಿಂದ ಎಣಿಸಿ ಫಸ್ಟ್, ಸೆಕೆಂಡ್, ಥರ್ಡ್ ಮೆಸಾ ಅನ್ನುತ್ತಾರೆ. ಸೆಕೆಂಡ್ ಮತ್ತು ಥರ್ಡ್ ಮೆಸಾ ಬುಟ್ಟಿ ಹೆಣಿಗೆಗೆ ಹೆಸರು. ಚಿತ್ತಾರದ ಮಡಕೆಗೆ ಹೆಸರಾದದ್ದು ಫಸ್ಟ್ ಮೆಸಾ, ಅಂದರೆ ಮೇಲಿನ ವಾಲ್ಪಿ, ಸಿಚೊಮೊವಿ, ಹಾನೊ ಮತ್ತು ಬುಡದಲ್ಲಿರುವ ಪೊಲಾಕಾ. ಇವುಗಳಲ್ಲಿ ಹಾನೊ ಮೂಲತಃ ಹೋಪಿಗಳ ಊರಲ್ಲ. ಸ್ಪ್ಯಾನಿಷ್ ಆಳ್ವಿಕೆಯ ವಿರುದ್ಧ ಮೂಲನಿವಾಸಿಗಳು ಎದ್ದ 1680ರ ಪ್ಯೂಬ್ಲೊ ದಂಗೆಯ ನಂತರ ಸ್ಪ್ಯಾನಿಷರು ಮರಳಿ ಬಂದಾಗ ರಿಯೊ ಗ್ರಾಂಡೆ ಕಣಿವೆ ಬಿಟ್ಟು ಬಂದ ಟೇವಾ ಭಾಷಿಕರು 1700ರ ಆಸುಪಾಸಿನಲ್ಲಿ ಇಲ್ಲಿ ನೆಲೆನಿಂತರು. ‘ಹೋಪಿ ಮಡಕೆ’ ಎಂದು ಜಗತ್ತು ಕರೆಯುವುದರಲ್ಲಿ ದೊಡ್ಡ ಪಾಲು ಈ ಹೋಪಿ-ಟೇವಾ ಹೆಂಗಸರ ಕೈಕೆಲಸ. ಮಾರುವವರು ಇದನ್ನು ಹೇಳುವುದು ಅಪರೂಪ.

ಕಲ್ಲಿದ್ದಲಿನ ಹಳದಿ, ಹಿಕ್ಕೆಯ ಹಳದಿ

ಕಾಲದ ಲೆಕ್ಕ ಸ್ವಲ್ಪ ತಿಳಿದಿರಬೇಕು. 1300ರ ಸುಮಾರಿಗೆ ಇಲ್ಲಿ ಒಂದು ದೊಡ್ಡ ತಿರುವು ಕಾಣುತ್ತದೆ. ಅದುವರೆಗಿನ ಬಿಳಿ ಮತ್ತು ಕಿತ್ತಳೆ ಮಡಕೆಗಳ ಜಾಗಕ್ಕೆ ಗಟ್ಟಿಯಾದ, ಸಣ್ಣ ಕಣದ ಹಳದಿ ಮಡಕೆ ಬಂತು. ಪುರಾತತ್ವದವರು ಇದನ್ನು ಜೆಡಿಟೊ ಹಳದಿ ಮಡಕೆ ಎನ್ನುತ್ತಾರೆ. ಹಳದಿಯ ಮೇಲೆ ಕಪ್ಪು ಮಾತ್ರ ಇದ್ದರೆ ಜೆಡಿಟೊ ಕಪ್ಪು-ಹಳದಿ. ಕಪ್ಪಿನ ಜೊತೆ ಕೆಂಪೂ ಸೇರಿ, ಚಿತ್ರ ಜ್ಯಾಮಿತಿಯ ಕಟ್ಟು ಬಿಟ್ಟು ಹಕ್ಕಿ, ಚಿಟ್ಟೆ, ಗರಿಗಳ ಕಡೆ ಹರಿದರೆ ಸಿಕ್ಯಾಟ್ಕಿ ಬಹುವರ್ಣ. ಇದರ ಉಚ್ಛ್ರಾಯ 15 ಮತ್ತು 16ನೇ ಶತಮಾನ. ಸಿಕ್ಯಾಟ್ಕಿ ಎಂಬುದು ಫಸ್ಟ್ ಮೆಸಾದ ಬುಡದಲ್ಲಿ ಪಾಳುಬಿದ್ದ ಊರಿನ ಹೆಸರು. ಮಡಕೆ ಆ ಒಂದೇ ಊರಿನದಲ್ಲ, ಆಂಟೆಲೋಪ್ ಮೆಸಾದ ಅವಟೋವಿ ಮುಂತಾದ ಕಡೆಗಳಲ್ಲೂ ಆಗುತ್ತಿತ್ತು.

ಆ ಹಳದಿ ಬಂದದ್ದು ಎರಡು ಕಾರಣಕ್ಕೆ. ಮೊದಲನೆಯದು ಜೇಡಿ. ಈ ಭಾಗದ ಬೂದು ಜೇಡಿಯಲ್ಲಿ ಕಬ್ಬಿಣದ ಅಂಶ ಕಡಿಮೆ. ಗಾಳಿ ಧಾರಾಳವಾಗಿ ಸಿಕ್ಕಿ ಬೆಂದರೆ ಕೆನೆಯಿಂದ ಹಳದಿಯವರೆಗಿನ ಬಣ್ಣ ಬರುತ್ತದೆ. ಎರಡನೆಯದು ಉರುವಲು. ಗುಡ್ಡದ ಬದಿಯಲ್ಲಿ ಹೊರಗೇ ಕಾಣುವ ಕಲ್ಲಿದ್ದಲಿನ ಪದರಗಳನ್ನು ಆ ಕಾಲದವರು ತೋಡಿ ಮನೆಗೂ ಆವಗೆಗೂ ಬಳಸಿದರು. ಯುರೋಪಿನವರು ಬರುವ ಮುಂಚೆ ಆ ಖಂಡದಲ್ಲಿ ಕಲ್ಲಿದ್ದಲನ್ನು ಈ ಪ್ರಮಾಣದಲ್ಲಿ ಸುಟ್ಟವರು ತೀರ ವಿರಳ. ಕಲ್ಲಿದ್ದಲು ಸೌದೆಗಿಂತ ಹೆಚ್ಚು ಹೊತ್ತು, ಹೆಚ್ಚು ಶಾಖದಲ್ಲಿ ಉರಿಯುತ್ತದೆ. ಆ ದೀರ್ಘ ಶಾಖಕ್ಕೆ ಜೇಡಿಯ ಕಣಗಳು ಚೆನ್ನಾಗಿ ಬೆಸೆದುಕೊಂಡವು. ಒಳ್ಳೆಯ ಜೆಡಿಟೊ ಬೋಕಿಯನ್ನು ಇನ್ನೊಂದಕ್ಕೆ ತಾಕಿಸಿದರೆ ಕಂಚಿನ ಬಟ್ಟಲಿನ ದನಿ ಬರುತ್ತದೆ. ಹೀಗೆ ಬೆಂದ ಮೈಗೆ ಬೇರೆ ಲೇಪವೇ ಬೇಕಿರಲಿಲ್ಲ. ಜೇಡಿಯನ್ನೇ ಉಜ್ಜಿದರೆ ಸಾಕು, ಚಿತ್ರ ಬರೆಯಲು ತಕ್ಕ ನುಣುಪು ಸಿಗುತ್ತಿತ್ತು.

ಸ್ಪ್ಯಾನಿಷರು ಮೊದಲು ಬಂದದ್ದು 1540ರಲ್ಲಿ. 1629ರಲ್ಲಿ ಅವಟೋವಿಯಲ್ಲಿ ಕ್ರೈಸ್ತ ಮಿಷನ್ ಶುರುವಾಯಿತು. ಜೊತೆಗೆ ಕುರಿಗಳು ಬಂದವು. ಕುರಿದೊಡ್ಡಿಯಲ್ಲಿ ತುಳಿತದಿಂದ ಹೆಪ್ಪುಗಟ್ಟಿದ ಹಿಕ್ಕೆಯನ್ನು ಹೆಂಟೆಗಳಾಗಿ ಕಡಿದು ತೆಗೆಯಬಹುದು. ಗುಡ್ಡ ತೋಡಿ ಕಲ್ಲಿದ್ದಲು ಹೊತ್ತು ತರುವುದಕ್ಕಿಂತ ಅದು ಎಷ್ಟೋ ಸುಲಭ. ಉರುವಲು ಬದಲಾಯಿತು, ಹಾಗೇ ಮೈಯೂ. ಹಿಕ್ಕೆ ಬೇಗ ಹೊತ್ತಿ ಬೇಗ ಮುಗಿಯುವ ಬೆಂಕಿ. ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್ ನಡುವೆ ಏರಿ ಇಳಿಯುತ್ತದೆ. ಮಡಕೆ ಬೇಯುತ್ತದೆ, ಆದರೆ ಹಳೆಯ ಗಟ್ಟಿತನ ಇಲ್ಲ.

ಮುಂದಿನ ಎರಡು ಶತಮಾನಗಳನ್ನು ಚುಟುಕಾಗಿ ಹೇಳಿಬಿಡಬಹುದು. ಮಿಷನ್ ಕಾಲದ ಸ್ಯಾನ್ ಬರ್ನಾರ್ಡೊ ಶೈಲಿ, ದಂಗೆಯ ನಂತರ ರಿಯೊ ಗ್ರಾಂಡೆ ಕಡೆಯ ನಿರಾಶ್ರಿತರ ಪ್ರಭಾವದ ಪಯುಪ್ಕಿ ಶೈಲಿ, ನಂತರ ಸುಮಾರು 1780ರಿಂದ 1900ರವರೆಗೆ ಪೊಲಾಕಾ. ಈ ಪೊಲಾಕಾ ಮಡಕೆಯ ಹತ್ತಿರ ಮಾತ್ರ ನಿಲ್ಲಬೇಕು, ಯಾಕೆಂದರೆ ನಂತರ ಬದಲಾದದ್ದು ಇದೇ.

ಪೊಲಾಕಾ ಮಡಕೆಯ ಮೈಮೇಲೆ ದಪ್ಪ ಬಿಳಿ ಲೇಪವಿದೆ. ಲೇಪದ ತುಂಬ ಸಣ್ಣ ಬಿರುಕುಗಳ ಬಲೆ. ಕೆಲವರು ಇದನ್ನು ಹಳೆತನದ ಗುರುತು ಅಂದುಕೊಳ್ಳುತ್ತಾರೆ. ಹಾಗಲ್ಲ, ಹೆಚ್ಚಿನ ಬಿರುಕು ಮಡಕೆ ಹುಟ್ಟಿದ ದಿನದ್ದೇ. ಲೇಪದ ಮಣ್ಣು ಒಣಗುವಾಗ ಮತ್ತು ಬೇಯುವಾಗ ಒಳಗಿನ ಜೇಡಿಗಿಂತ ಹೆಚ್ಚು ಕುಗ್ಗುತ್ತದೆ. ಕೆಳಗಿನ ಮೈ ಅಷ್ಟು ಕುಗ್ಗದೆ ಹಿಡಿದುಕೊಂಡಿರುತ್ತದೆ, ಮೇಲಿನ ಪದರ ಹರಿಯುತ್ತದೆ. ಹಾಗೆ ಹರಿದ ಲೇಪದ ಅಂಚು ಎದ್ದರೆ ಮುಂದೆ ಬಳಕೆಯಲ್ಲಿ ಹಕ್ಕಳೆ ಏಳುತ್ತದೆ, ಅದರ ಜೊತೆ ಚಿತ್ರವೂ ಹೋಗುತ್ತದೆ. 1860ರ ದಶಕದ ಬರ ಮತ್ತು ಸಿಡುಬಿನ ಹೊಡೆತಕ್ಕೆ ಅನೇಕ ಹೋಪಿಗಳು ಜುನಿ ಎಂಬ ಇನ್ನೊಂದು ಬುಡಕಟ್ಟಿನ ಊರುಗಳಲ್ಲಿ ಆಶ್ರಯ ಪಡೆದರು. ಮರಳುವಾಗ ಅಲ್ಲಿನ ಚಿತ್ತಾರದ ರೂಢಿಯೂ ಜೊತೆಗೆ ಬಂತು. ಅದಕ್ಕೇ ಆ ಕಾಲದ ಎಷ್ಟೋ ಪೊಲಾಕಾ ಮಡಕೆಗಳು ಮೊದಲ ನೋಟಕ್ಕೆ ಜುನಿಯಂತೆ ಕಾಣುತ್ತವೆ. ಇವನ್ನು ‘ಇಳಿಗಾಲದ ಕೆಲಸ’ ಎಂದು ಬರೆಯುವ ಚಾಳಿಯಿದೆ. ನನಗೆ ಅದು ಒಪ್ಪಿಗೆಯಿಲ್ಲ. ದಿನಬಳಕೆಯ ನೀರಿನ ಕೊಡ, ಹಿಟ್ಟಿನ ಬೋಗುಣಿಗಳಾಗಿ ಅವು ದುಡಿದಿವೆ. ಒಳ್ಳೆಯ ಪೊಲಾಕಾ ಬೋಗುಣಿಯ ದಿಟ್ಟ ಗೆರೆ ಕಂಡವರು ಹಾಗೆ ಹೇಳಲಾರರು.

1895ರ ಕಥೆ, ಅದಕ್ಕೂ ಮುಂಚಿನದು

ಎಲ್ಲೆಡೆ ಓದಸಿಗುವ ಕಥೆ ಹೀಗಿದೆ: ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಪರವಾಗಿ ಪುರಾತತ್ವಜ್ಞ ಜೆಸ್ಸಿ ವಾಲ್ಟರ್ ಫ್ಯೂಕ್ಸ್ 1895ರಲ್ಲಿ ಸಿಕ್ಯಾಟ್ಕಿಯಲ್ಲಿ ಉತ್ಖನನ ಮಾಡಿದರು. ಕೂಲಿಗಿದ್ದ ಲೆಸೊ ಅಲ್ಲಿನ ಬೋಕಿಗಳನ್ನು ಹೆಂಡತಿ ನಂಪೆಯೊಗೆ ತೋರಿಸಿದ. ಆಕೆ ಅವನ್ನು ನೋಡಿ ಸತ್ತಿದ್ದ ಕಲೆಗೆ ಜೀವ ಕೊಟ್ಟಳು. ಹೇಳಲು ಚೆಂದದ ಕಥೆ, ಆದರೆ ಕಾಲ ಸರಿಹೊಂದುವುದಿಲ್ಲ.

ಹಾನೊ ಊರಿನ ನಂಪೆಯೊ ಹುಟ್ಟಿದ್ದು 1859ರ ಆಸುಪಾಸಿನಲ್ಲಿ. ತಾಯಿ ಟೇವಾ, ತಂದೆ ವಾಲ್ಪಿಯ ಹೋಪಿ. ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನ್ 1875ರಲ್ಲಿ ತೆಗೆದ ಆಕೆಯ ಎಳೆ ಹರೆಯದ ಫೋಟೊ ಇದೆ. ಹತ್ತಿರದ ಕೀಮ್ಸ್ ಕ್ಯಾನ್ಯನ್‌ನಲ್ಲಿ ಥಾಮಸ್ ಕೀಮ್ ಎಂಬ ವ್ಯಾಪಾರಿ 1870ರ ದಶಕದಿಂದಲೇ ಅಂಗಡಿ ನಡೆಸುತ್ತಿದ್ದ. ಪಾಳು ಊರುಗಳ ಮಡಕೆಗೆ ಹೊರಗೆ ಬೇಡಿಕೆಯಿದೆ ಅನ್ನುವುದು ಅವನಿಗೆ ಗೊತ್ತಿತ್ತು. ಹಳೆಯವನ್ನು ಕೂಡಿಹಾಕುವುದರ ಜೊತೆಗೆ ಫಸ್ಟ್ ಮೆಸಾದ ಹೆಂಗಸರಿಂದ ಹಳೆಯ ಮಾದರಿಯ ನಕಲುಗಳನ್ನೂ, ಮಾರಲು ಸುಲಭವಾದ ಚಪ್ಪಟೆ ಬಿಲ್ಲೆಗಳನ್ನೂ ಮಾಡಿಸಿದ. ಅವನ ದೊಡ್ಡ ಸಂಗ್ರಹ 1892ರಲ್ಲಿ ಹೆಮೆನ್‌ವೇ ಎಂಬ ಪುರಾತತ್ವ ಸಂಶೋಧನಾ ತಂಡದವರ ಪಾಲಾಗಿ ಈಗ ಹಾರ್ವರ್ಡಿನ ಪೀಬಾಡಿ ವಸ್ತುಸಂಗ್ರಹಾಲಯದಲ್ಲಿದೆ. ಅಂದರೆ ಫ್ಯೂಕ್ಸ್ ಗುದ್ದಲಿ ಹಾಕುವ ಮುಂಚೆಯೇ ಬೇಡಿಕೆ, ಮಾದರಿ, ಅಭ್ಯಾಸ ಮೂರೂ ಇದ್ದವು. ಬೋಕಿಗಳಂತೂ ಊರಿನ ಸುತ್ತ ನೆಲದ ಮೇಲೇ ಬಿದ್ದಿದ್ದವು. ನಂಪೆಯೊ ಹಳೆಯದನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಾಳೆಂದರೆ ಅವು ಪ್ರಾಚೀನವೆಂದು ಮಾರಾಟವಾಗಬಹುದು ಎಂಬ ಆತಂಕವನ್ನು ಸ್ವತಃ ಫ್ಯೂಕ್ಸ್ ಬರೆದಿಟ್ಟಿದ್ದಾರೆ. ಒಂದೆರಡು ವರ್ಷದಲ್ಲಿ ಕೈಗೆ ಹತ್ತುವ ವಿದ್ಯೆಯಲ್ಲ ಅದು. ಉತ್ಖನನದಿಂದ ಆಕೆಗೆ ಸಿಕ್ಕಿದ್ದು ಇಡಿಯಾದ ಮಡಕೆಗಳನ್ನು ನೋಡುವ ಅವಕಾಶ. ಬೋಕಿಯಲ್ಲಿ ಚಿತ್ರದ ತುಂಡು ಕಾಣುತ್ತದೆ, ಅದನ್ನು ಹೆಗಲಿನ ಮೇಲೆ ಹೇಗೆ ಕೂರಿಸಿದ್ದಾರೆ ಎಂದು ತಿಳಿಯಲು ಇಡೀ ಗಡಿಗೆ ಬೇಕು.

ಆಕೆ ಮಾಡಿದ ಬದಲಾವಣೆಯನ್ನು ಮೂರಾಗಿ ಬಿಡಿಸಿ ನೋಡಬಹುದು. ದಪ್ಪ ಬಿಳಿ ಲೇಪ ಬಿಟ್ಟಳು, ಜೇಡಿಯ ಮೈಯನ್ನೇ ಉಜ್ಜತೊಡಗಿದಳು. ಬಿರುಕು ಬಲೆಯ ಸಮಸ್ಯೆ ಅಲ್ಲಿಗೆ ಮುಗಿಯಿತು. ಆಕಾರದಲ್ಲಿ ಸಿಕ್ಯಾಟ್ಕಿಯ ತಗ್ಗು ಗಡಿಗೆಗೆ ಮರಳಿದಳು. ಅದರ ಹೆಗಲು ಬಹುತೇಕ ಚಪ್ಪಟೆ, ಬಾಯಿ ಚಿಕ್ಕದು, ಎತ್ತರಕ್ಕಿಂತ ಅಗಲ ಹೆಚ್ಚು. ಮೂರನೆಯದು ಚಿತ್ರ. ಇಲ್ಲಿ ಆಕೆ ನಕಲಿಗೆ ನಿಲ್ಲಲಿಲ್ಲ. ಹಳೆಯ ಒಂದು ರೆಕ್ಕೆ, ಒಂದು ಕೊಕ್ಕು ತೆಗೆದುಕೊಂಡು ಹೆಗಲನ್ನು ಎರಡೋ ನಾಲ್ಕೋ ಭಾಗ ಮಾಡಿ ಬಿಡಿಸಿದಳು, ನಡುವೆ ಧಾರಾಳವಾಗಿ ಜಾಗ ಬಿಟ್ಟಳು. ಆ ಖಾಲಿ ಜಾಗ ಅಂದವಾಗಿ ಕಾಣಬೇಕಾದರೆ ಮೈ ಕಳಂಕವಿಲ್ಲದೆ ನುಣುಪಾಗಿರಬೇಕು. ಹಾಗಾಗಿ ಈ ಮೂರನ್ನೂ ಬೇರೆ ಬೇರೆ ಸಾಧನೆ ಅನ್ನುವುದಕ್ಕಾಗುವುದಿಲ್ಲ.

ರೈಲು ಮಾರ್ಗ 1880ರ ದಶಕದ ಆರಂಭದಲ್ಲಿ ಉತ್ತರ ಅರಿಜೋನಾ ದಾಟಿತ್ತು. ಪ್ರವಾಸಿಗರು ಬಂದರು. ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ, ರೈಲು ಪ್ರಯಾಣಿಕರಿಗೆ ಹೋಟೆಲು ನಡೆಸುತ್ತಿದ್ದ ಫ್ರೆಡ್ ಹಾರ್ವಿ ಕಂಪನಿ 1905ರಲ್ಲಿ ಹೋಪಿ ಹೌಸ್ ಎಂಬ ಮಾರಾಟ ಮಳಿಗೆ ತೆರೆಯಿತು. ಮೇರಿ ಕೋಲ್ಟರ್ ವಿನ್ಯಾಸದ ಆ ಕಟ್ಟಡದಲ್ಲಿ ನಂಪೆಯೊ ಕುಟುಂಬ 1905ರಲ್ಲೂ 1907ರಲ್ಲೂ ಇದ್ದು ಪ್ರವಾಸಿಗರೆದುರು ಮಡಕೆ ಮಾಡಿತು. 1910ರಲ್ಲಿ ಆಕೆ ಶಿಕಾಗೊದ ಪ್ರದರ್ಶನಕ್ಕೂ ಹೋದಳು. ಈ ಹೊತ್ತಿಗೆ ಟ್ರಕೋಮಾ ರೋಗದಿಂದ ಕಣ್ಣು ಮಂಜಾಗುತ್ತಿತ್ತು. ಕೊನೆಯ ದಶಕಗಳಲ್ಲಿ ಆಕೆ ಬೆರಳ ಅಳತೆಯಿಂದಲೇ ಮಡಕೆ ಕಟ್ಟುತ್ತಿದ್ದಳು. ಗಂಡ ಲೆಸೊ, ಹೆಣ್ಣುಮಕ್ಕಳಾದ ಆನಿ, ನೆಲ್ಲಿ, ಫ್ಯಾನಿ ಚಿತ್ರ ಬರೆಯುತ್ತಿದ್ದರು. ತೀರಿಕೊಂಡದ್ದು 1942ರಲ್ಲಿ.

ಜೇಡಿಯಿಂದ ಆವಗೆಯವರೆಗೆ

ಈಗ ಕೆಲಸದ ವಿಷಯ. ತಿಗರಿ ಇಲ್ಲ. ಎಲ್ಲವೂ ಕೈಯಲ್ಲಿ, ಮಣ್ಣಿನ ಸುರುಳಿ ಸುತ್ತಿ ಕಟ್ಟುವುದು.

ಜೇಡಿಯಲ್ಲಿ ಮುಖ್ಯವಾಗಿ ಎರಡು ಬಗೆ. ಬೂದು ಜೇಡಿ ಬೆಂದರೆ ಕೆನೆ, ಹಳದಿ, ಜೇನಿನ ಬಣ್ಣ. ಕಬ್ಬಿಣ ಹೆಚ್ಚಿರುವ ಹಳದಿ ಜೇಡಿ ಬೆಂದರೆ ಕೆಂಪು. ಹಸಿಯಲ್ಲಿ ಹಳದಿ ಕಂಡದ್ದು ಬೆಂದ ಮೇಲೆ ಕೆಂಪಾಗುವುದು ಹೊಸಬರನ್ನು ಗೊಂದಲಕ್ಕೆ ಹಾಕುತ್ತದೆ. ಕಾರಣ ಸರಳ: ಹಳದಿ ಬಣ್ಣ ಕೊಡುವ ಕಬ್ಬಿಣದ ಸಂಯುಕ್ತದಲ್ಲಿ ನೀರಿನ ಅಂಶವಿದೆ, ಶಾಖಕ್ಕೆ ಅದು ಹೊರಟುಹೋಗಿ ಕೆಂಪು ಆಕ್ಸೈಡ್ ಉಳಿಯುತ್ತದೆ. ಇದೇ ಹಳದಿ ಜೇಡಿಯನ್ನು ನೀರಿನಲ್ಲಿ ಕದಡಿ ಕೆಂಪು ಬಣ್ಣವಾಗಿಯೂ ಬಳಸುತ್ತಾರೆ.

ತಂದ ಹೆಂಟೆಗಳನ್ನು ಪೂರ್ತಿ ಒಣಗಿಸಿ, ಕುಟ್ಟಿ, ಆಮೇಲೆ ನೀರಿಗೆ ಹಾಕಬೇಕು. ಒಣಗಿದ ಜೇಡಿ ನೀರು ಕುಡಿದು ತಾನೇ ಬಿರಿದು ಕರಗುತ್ತದೆ. ಅರೆ ಒದ್ದೆ ಹೆಂಟೆ ವಾರಗಟ್ಟಲೆ ಗಂಟಾಗಿಯೇ ಕೂತಿರುತ್ತದೆ. ಕದಡಿದ ನೀರನ್ನು ಸೋಸಿ ಬೇರು, ಕಲ್ಲು ತೆಗೆದು, ತಿಳಿಯಾಗಲು ಬಿಟ್ಟು, ಮೇಲಿನ ನೀರು ಬಸಿದು, ಬಟ್ಟೆಯ ಮೇಲೆ ಹರಡಿ ಹದಕ್ಕೆ ತಂದು ನಾದುತ್ತಾರೆ. ಸೋಸುವಾಗ ಸುಣ್ಣದ ಹರಳು ತಪ್ಪಿಸಿಕೊಂಡರೆ ಅದರ ಫಲ ಕಾಣುವುದು ತಡವಾಗಿ. ಆವಗೆಯಲ್ಲಿ ಹರಳು ಸುಟ್ಟ ಸುಣ್ಣವಾಗುತ್ತದೆ. ಮಡಕೆ ತಣ್ಣಗಾದ ಮೇಲೆ ಗಾಳಿಯ ತೇವ ಹೀರಿ ಉಬ್ಬಿ ಮೈಯಿಂದ ನಾಣ್ಯದಗಲದ ಚಕ್ಕೆ ಹಾರಿಸುತ್ತದೆ. ಗುಳಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಇದೇ ರೋಗ.

ಅಡುಗೆ ಮಡಕೆ, ದೊಡ್ಡ ಕಾಳಿನ ಮಡಕೆಗಳಿಗೆ ಮರಳುಗಲ್ಲಿನ ಪುಡಿ ಬೆರೆಸುವ ರೂಢಿ ಇದೆ. ಚಿತ್ತಾರದ ಮಡಕೆಗೆ ಸಾಮಾನ್ಯವಾಗಿ ಇಲ್ಲ, ಅಥವಾ ತೀರ ನುಣ್ಣನೆಯದು. ಬೆರಕೆಯಿಲ್ಲದ ಜೇಡಿ ಕನ್ನಡಿಯಂತೆ ಹೊಳಪು ಹಿಡಿಯುತ್ತದೆ, ಆದರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಒಳಗಿನ ತೇವ ಹೊರಬರಲು ಹೆಚ್ಚು ಹೊತ್ತು ಬೇಕು. ಯಾವ ಜೇಡಿಯನ್ನೇ ಆಗಲಿ ಮೊದಲ ಸಲ ಬಳಸುವಾಗ ಚಪ್ಪಟೆ ಪಟ್ಟಿ ಮಾಡಿ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆದು, ಒಣಗಿದ ಮೇಲೆ ಒಮ್ಮೆ, ಬೆಂದ ಮೇಲೆ ಒಮ್ಮೆ ಅಳೆಯಿರಿ. ಒಂದು ಮಿಲಿಮೀಟರ್ ಕಡಿಮೆಯಾದರೆ ಶೇ 1ರ ಕುಗ್ಗು. ಲೇಪದ ಮಣ್ಣಿಗೂ ಇದೇ ಪರೀಕ್ಷೆ ಮಾಡಿ. ಎರಡರ ಅಂತರ ಹೆಚ್ಚಾದಷ್ಟೂ ಪೊಲಾಕಾ ಬಿರುಕು ಖಚಿತ.

ತಳವನ್ನು ಬೋಕಿಯ ಅಥವಾ ತಟ್ಟೆಯ ಒಳಗೆ ಒತ್ತಿ ಶುರುಮಾಡುತ್ತಾರೆ. ಅದೇ ತಟ್ಟೆ ಕೆಲಸ ಮಾಡುವಾಗ ಮಡಕೆಯನ್ನು ತಿರುಗಿಸಲೂ ಆಗುತ್ತದೆ. ಅದರ ಮೇಲೆ ಹೊಸೆದ ಸುರುಳಿಗಳನ್ನು ಒಂದೊಂದಾಗಿ ಕೂರಿಸಿ, ಹಿಂಡಿ ಬೆಸೆದು, ಸೋರೆಬುರುಡೆಯ ಚೂರಿನಿಂದ ಕೆರೆಯುತ್ತಾರೆ. ಕೆರೆಯುವುದು ಒಳಗಿನಿಂದ ಉಬ್ಬು ಕೊಡಲೂ ಹೊರಗಿನಿಂದ ತೆಳುವಾಗಿಸಲೂ ಹೌದು. ಸುರುಳಿಗಳ ನಡುವೆ ಗಾಳಿ ಸಿಕ್ಕಿಕೊಂಡರೆ ಅಲ್ಲಿ ಬೆಸುಗೆ ಇಲ್ಲ, ಒಣಗುವಾಗ ಅಡ್ಡ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಸಿಕ್ಯಾಟ್ಕಿ ಆಕಾರದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಚಪ್ಪಟೆ ಹೆಗಲು. ಹೊಟ್ಟೆಯ ಭಾಗ ಕೈಗೆ ಗಟ್ಟಿ ಅನ್ನಿಸುವಷ್ಟು ಆರದೆ ಹೆಗಲು ಏರಿಸಿದರೆ ಇಡೀ ಮೇಲ್ಭಾಗ ಒಳಗೆ ಕುಸಿಯುತ್ತದೆ. ತೀರ ಆರಿದರೆ ಹೊಸ ಸುರುಳಿ ಕಚ್ಚುವುದಿಲ್ಲ. ಅದಕ್ಕೇ ಕಟ್ಟುತ್ತಿರುವ ಅಂಚಿಗೆ ಒದ್ದೆ ಬಟ್ಟೆ ಹೊದಿಸಿ ಕೆಳಭಾಗವನ್ನು ಮಾತ್ರ ಆರಲು ಬಿಡುತ್ತಾರೆ.

ಪೂರ್ತಿ ಒಣಗಿದ ಮೇಲೆ ಮರಳುಗಲ್ಲಿನಿಂದ ಉಜ್ಜಿ ಉಬ್ಬುತಗ್ಗು ತೆಗೆದು, ಮೈಯನ್ನು ಮತ್ತೆ ತೇವ ಮಾಡಿ, ನೀರಲ್ಲಿ ಸವೆದು ನುಣುಪಾದ ಚಿಕ್ಕ ಕಲ್ಲಿನಿಂದ ಹೊಳಪು ತರುತ್ತಾರೆ. ಈ ಕಲ್ಲುಗಳು ತಾಯಿಯಿಂದ ಮಗಳಿಗೆ ಹೋಗುವ ಆಸ್ತಿ. ಒತ್ತಿ ತಿಕ್ಕಿದಾಗ ಮೇಲ್ಪದರದ ಚಪ್ಪಟೆ ಜೇಡಿ ಕಣಗಳು ಒಂದೇ ದಿಕ್ಕಿಗೆ ಮಲಗುತ್ತವೆ, ಬೆಳಕು ಸಮನಾಗಿ ಮರಳುತ್ತದೆ. ಹೊಳಪು ಅಂದರೆ ಅಷ್ಟೇ, ಮೆರುಗೆಣ್ಣೆ ಏನೂ ಇಲ್ಲ. ತೇವ ಹೆಚ್ಚಾದರೆ ಕಲ್ಲು ಮಣ್ಣನ್ನು ಎಳೆದು ಗೀರು ಬೀಳುತ್ತದೆ, ಕಡಿಮೆಯಾದರೆ ಎಷ್ಟು ತಿಕ್ಕಿದರೂ ಮಂಕು. ಒಮ್ಮೆ ಶುರುಮಾಡಿದ ಭಾಗವನ್ನು ಮುಗಿಸದೆ ಏಳುವಂತಿಲ್ಲ. ಹಳೆಯ ಮಡಕೆಯನ್ನು ಓರೆ ಬೆಳಕಿನಲ್ಲಿ ತಿರುಗಿಸಿದರೆ ಕಲ್ಲು ಓಡಿದ ಕಿರಿದಾದ ಪಟ್ಟೆಗಳು ಕಾಣುತ್ತವೆ. ಅಚ್ಚಿನಲ್ಲಿ ಎರೆದ ಮಡಕೆಯಲ್ಲಿ ಇವು ಇರುವುದಿಲ್ಲ.

ಕಪ್ಪು ಬಣ್ಣ ಎರಡು ವಸ್ತುಗಳ ಜೋಡಿ. ಒಂದು, ಕಬ್ಬಿಣ ಮತ್ತು ಮ್ಯಾಂಗನೀಸ್ ಇರುವ ಕಲ್ಲು. ಇನ್ನೊಂದು, ಸಾಸಿವೆ ಜಾತಿಯ ಕಾಡುಗಿಡವನ್ನು ಇನ್ನೂ ಎಳೆಯದಾಗಿರುವಾಗ ಕಿತ್ತು, ಗಂಟೆಗಟ್ಟಲೆ ಕುದಿಸಿ, ಸೋಸಿ, ಮತ್ತೆ ಕುದಿಸಿ ಬತ್ತಿಸಿದ ಗಟ್ಟಿ ರಸ. ಇದನ್ನು ಬಿಲ್ಲೆಯಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಕಲ್ಲಿನ ಮೇಲೆ ರಸದ ತುಂಡಿಟ್ಟು, ನೀರು ಬಿಟ್ಟು, ಬಣ್ಣದ ಕಲ್ಲನ್ನು ಅದರಲ್ಲೇ ಅರೆಯುತ್ತಾರೆ. ರಸದ ಕೆಲಸ ಬಣ್ಣವನ್ನು ಮೈಗೆ ಹಿಡಿಸುವುದು ಮತ್ತು ಗೆರೆ ಹರಡದಂತೆ ನೋಡಿಕೊಳ್ಳುವುದು. ಬರಿ ಗಿಡದ ರಸ ಸಾಲದೇ ಅಂದರೆ, ಇಲ್ಲಿ ಸಾಲದು. ಕೊಲೊರಾಡೊ ರಾಜ್ಯದ ಮೆಸಾ ವೆರ್ಡೆ ಕಡೆಯ ಹಳೆಯ ಕಪ್ಪು-ಬಿಳಿ ಮಡಕೆಗಳಲ್ಲಿ ಗಿಡದ ರಸದ ಇಂಗಾಲವೇ ಕಪ್ಪು, ಯಾಕೆಂದರೆ ಅವು ಗಾಳಿ ಕಡಿಮೆಯಿರುವ ಬೆಂಕಿಯಲ್ಲಿ ಬೆಂದವು. ಹೋಪಿ ಹಳದಿ ಬರಬೇಕಾದರೆ ಗಾಳಿ ಬೇಕೇ ಬೇಕು, ಆ ಗಾಳಿಯಲ್ಲಿ ಇಂಗಾಲ ಸುಟ್ಟು ಹೋಗುತ್ತದೆ. ಉಳಿಯುವುದು ಖನಿಜ ಮಾತ್ರ. ಖನಿಜ ಕಡಿಮೆಯಾದ ಬಣ್ಣ ಬೆಂದ ಮೇಲೆ ಮಂಕು ಕಂದಾಗುತ್ತದೆ. ರಸ ಹೆಚ್ಚಾದರೆ ಬಣ್ಣದ ಪದರ ಸಿಡಿದು ಉದುರುತ್ತದೆ. ರಸ ಕಡಿಮೆಯಾದರೆ ಬೆರಳಿಗೆ ಮಸಿಯಂತೆ ಅಂಟುತ್ತದೆ.

ಕುಂಚ ಅಂದರೆ ಕತ್ತಾಳೆಯನ್ನು ಹೋಲುವ ಯುಕ್ಕಾ ಗಿಡದ ಎಲೆಯ ಸೀಳು. ತುದಿಯನ್ನು ಅಗಿದು ನಾರು ಬಿಡಿಸಿ, ಬೇಕಾದಷ್ಟೇ ಎಳೆ ಉಳಿಸಿಕೊಳ್ಳುತ್ತಾರೆ. ಉದ್ದನೆಯ ಎಳೆಗಳ ಕುಂಚವನ್ನು ಮೈಮೇಲೆ ಮಲಗಿಸಿ ತಮ್ಮ ಕಡೆಗೆ ಎಳೆದಾಗ ಒಂದೇ ದಪ್ಪದ ನೀಳ ಗೆರೆ ಬರುತ್ತದೆ. ಪೆನ್ಸಿಲ್ ಗುರುತು ಇಲ್ಲ, ಅಳತೆ ಬೆರಳಲ್ಲಿ. ನುಣುಪು ಮಾಡಿದ ಮೈಯಲ್ಲಿ ತಪ್ಪು ಗೆರೆ ಒರೆಸಿದರೆ ಹೊಳಪೂ ಹೋಗುತ್ತದೆ.

ಆವಗೆ ಬಯಲಲ್ಲೇ. ಗಾಳಿಯಿಲ್ಲದ ಮುಂಜಾನೆ ಆರಿಸಿಕೊಳ್ಳುತ್ತಾರೆ. ಮೊದಲು ಜುನಿಪರ್ ಸೌದೆ ಉರಿಸಿ ನೆಲದ ತೇವ ತೆಗೆದು ಕೆಂಡ ಮಾಡಿಕೊಳ್ಳುವುದು, ಮಡಕೆಗಳನ್ನು ಪಕ್ಕದಲ್ಲಿಟ್ಟು ಕೈ ತಾಗಿಸಲಾಗದಷ್ಟು ಬಿಸಿ ಮಾಡುವುದು. ಇದನ್ನು ಅವಸರದಲ್ಲಿ ಮುಗಿಸಿದರೆ ಗೋಡೆಯೊಳಗಿನ ತೇವ ಹಬೆಯಾಗಿ ಮಡಕೆಯನ್ನೇ ಒಡೆಯುತ್ತದೆ. ನಂತರ ಕಲ್ಲುಗಳ ಮೇಲೆ ಮಡಕೆಗಳನ್ನು ಬೋರಲಿಟ್ಟು, ಉರುವಲು ನೇರ ತಾಗದಂತೆ ಸುತ್ತ ದೊಡ್ಡ ಬೋಕಿಗಳನ್ನು ಮುಚ್ಚಿ, ಅದರ ಮೇಲೆ ಹಿಕ್ಕೆಯ ಹೆಂಟೆಗಳನ್ನು ಗುಮ್ಮಟದ ಹಾಗೆ ಪೇರಿಸುತ್ತಾರೆ. ಹೆಂಟೆ ಪೂರ್ತಿ ಒಣಗಿರಬೇಕು. ಹೆಂಟೆ ಜಾರಿ ಮೈಗೆ ತಾಗಿದ ಕಡೆ ಗಾಳಿ ಸಿಗದೆ ಕಪ್ಪು ಹೊಗೆ ಕಲೆ ಕೂರುತ್ತದೆ. ಶಾಖ, ಗಾಳಿ ಒಂದು ಮಗ್ಗುಲಿಗೆ ಹೆಚ್ಚಾದರೆ ಕೆನೆಯಿಂದ ಜೇನು, ಜೇನಿನಿಂದ ಕಿತ್ತಳೆಗೆ ಹೊರಳುವ ಛಾಯೆ ಬರುತ್ತದೆ. ಕಪ್ಪು ಕಲೆಯನ್ನು ದೋಷ ಎನ್ನುವವರೂ ಈ ಛಾಯೆಗೆ ಹಣ ಕೊಡುತ್ತಾರೆ.

ಕೊನೆಯಲ್ಲಿ, ಆತುರಕ್ಕೂ ಎಷ್ಟೋ ಮಡಕೆ ಒಡೆಯುತ್ತವೆ. ಜೇಡಿಯಲ್ಲಿರುವ ಮರಳಿನ ಕಣಗಳು 573 ಡಿಗ್ರಿಯ ಹತ್ತಿರ ಇದ್ದಕ್ಕಿದ್ದಂತೆ ಗಾತ್ರ ಬದಲಿಸುತ್ತವೆ, ಏರುವಾಗ ಹಿಗ್ಗಿ ಇಳಿಯುವಾಗ ಕುಗ್ಗಿ. ಇಳಿಯುವಾಗ ಒಂದು ಮಗ್ಗುಲಿಗೆ ತಂಗಾಳಿ ಬಡಿದರೆ ಆ ಭಾಗ ಮೊದಲು ಕುಗ್ಗಿ ಬಾಯಿಯಂಚಿನಿಂದ ಕೆಳಗಿನವರೆಗೆ ಸೀಳು ಬಿಡುತ್ತದೆ. ಬೂದಿ ತಾನಾಗಿ ಆರುವವರೆಗೆ ಮುಟ್ಟಬಾರದು.

ನಂಪೆಯೊ ನಂತರದ ಹಾದಿ ಒಂದೇ ಆಗಿರಲಿಲ್ಲ. ಆಕೆಯ ನೆರೆಯ ಗ್ರೇಸ್ ಚಪೆಲ್ಲಾ (1874–1980) ಚಿಟ್ಟೆಯ ಚಿತ್ರಕ್ಕೆ ಹೆಸರಾದಳು. ಪಾಕ್ವಾ ನಾಹಾ ಕೊನೆಗಾಲದಲ್ಲಿ ಬಿಳಿ ಲೇಪಕ್ಕೆ ಮರಳಿದಳು. ಈ ಸಲ ಅದು ತೆಳುವಾಗಿ, ಉಜ್ಜಿ ಹೊಳಪಿಸಿದ ಬಿಳಿ. ಮಗಳು ಜಾಯ್ ನವಾಸಿ (1919–2012) ಅದನ್ನೇ ಮುಂದುವರಿಸಿದಳು. ಪಾಕ್ವಾಳ ಸೊಸೆ ಹೆಲೆನ್ ನಾಹಾ (1922–1993) ಅವಟೋವಿಯ ಬೋಕಿಗಳ ಕಪ್ಪು-ಬಿಳಿ ಜ್ಯಾಮಿತಿಯನ್ನು ಹಿಡಿದಳು. ನಂಪೆಯೊ ಮರಿಮೊಮ್ಮಗಳು ಡೆಕ್ಸ್‌ಟ್ರಾ ಕೋಟ್ಸ್‌ಕ್ವಿವಾ (1928–2019) ಬರಿಯ ಜೇಡಿಯ ಹಳೆಯ ಹಾದಿಯಲ್ಲೇ ಉಳಿದು ಚಿತ್ರವನ್ನು ಎಷ್ಟೋ ದೂರ ಒಯ್ದಳು. ಫ್ಲ್ಯಾಗ್‌ಸ್ಟಾಫಿನ ಮ್ಯೂಸಿಯಂ ಆಫ್ ನಾರ್ದರ್ನ್ ಅರಿಜೋನಾ 1930ರಲ್ಲಿ ಶುರುಮಾಡಿದ ಹೋಪಿ ಕುಶಲಕರ್ಮಿಗಳ ಪ್ರದರ್ಶನ, ಅಗ್ಗದ ಪ್ರವಾಸಿ ಸರಕಿನ ಕಾಲದಲ್ಲಿ ಒಳ್ಳೆಯ ಕೆಲಸಕ್ಕೆ ಬೆಲೆ ಸಿಗುವಂತೆ ಮಾಡಿತು.

ಕೊಳ್ಳುವವರಿಗೆ

ನಂಪೆಯೊ ಸ್ವತಃ ಸಹಿ ಹಾಕಿದವಳಲ್ಲ, ಆಕೆಗೆ ಬರೆಯಲು ಬರುತ್ತಿರಲಿಲ್ಲ. ತಳದಲ್ಲಿ ಆಕೆಯ ಹೆಸರಿದ್ದರೆ ಅದು ಮಕ್ಕಳ ಕೈಬರಹ, ಇಲ್ಲವೇ ಮಾರಿದವರದು. ಹೋಪಿ ಹೌಸ್ ಕಾಲದ ‘ಮೇಡ್ ಬೈ ನಂಪೆಯೊ ಹೋಪಿ’ ಎಂಬ ಚೀಟಿ ಒಳ್ಳೆಯ ಸುಳಿವು, ಆದರೆ ಚೀಟಿಯನ್ನು ಬೇರೆ ಮಡಕೆಗೆ ಅಂಟಿಸಬಹುದು. ಚೀಟಿಯ ಅಂಟು, ಸುತ್ತಲಿನ ಧೂಳು, ತಳದ ಸವೆತ ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಅಗಲ ಹೆಗಲಿನ ಗಡಿಗೆ ಕಂಡ ಕೂಡಲೇ ಆಕೆಯ ಹೆಸರು ಹೇಳುವವರನ್ನು ನಂಬಬೇಡಿ. ಅದೇ ಜೇಡಿ, ಅದೇ ಆಕಾರದಲ್ಲಿ ಊರಿನ ಅನೇಕರು ಮಾಡಿದರು.

ರಿಪೇರಿ ಹುಡುಕಲು ಕತ್ತಲ ಕೋಣೆಯಲ್ಲಿ ನೇರಳಾತೀತ ಟಾರ್ಚ್ ಸಾಕು. ಹಳೆಯ ಅರಗಿನ ಮೆರುಗು ಕಿತ್ತಳೆಯಾಗಿ, ಹೊಸ ರಾಳದ ಅಂಟು ನೀಲಿಬಿಳಿಯಾಗಿ ಹೊಳೆಯುತ್ತದೆ. ಒದ್ದೆ ಬಟ್ಟೆ, ಅಸಿಟೋನ್ ಹಿಡಿದು ಪರೀಕ್ಷೆಗೆ ಇಳಿಯಬೇಡಿ, ಸಡಿಲ ಬಣ್ಣ ಅದರಲ್ಲೇ ಬರುತ್ತದೆ. ಪ್ರಾಚೀನವೆಂದು ಹೇಳುವ ಬೋಗುಣಿಯಲ್ಲಿ ಒಳಗಿನ ಚಿತ್ರವನ್ನು ಸುತ್ತುವ ಗೆರೆಯನ್ನು ಗಮನಿಸಿ. ಹಳೆಯವುಗಳಲ್ಲಿ ಬಹಳ ಸಲ ಆ ಗೆರೆ ಒಂದು ಕಡೆ ಬಿಟ್ಟಿರುತ್ತದೆ.

ಇಲ್ಲಿ ಕಾನೂನೂ ಇದೆ. ಸಿಕ್ಯಾಟ್ಕಿಯಿಂದ ಬಂದ ಇಡಿ ಮಡಕೆಗಳಲ್ಲಿ ಹೆಚ್ಚಿನವು ಸಮಾಧಿಗಳಲ್ಲಿ ಇಟ್ಟವು, ಹೋಪಿಗಳಿಗೆ ಅದು ಮರೆತ ಸಂಗತಿಯಲ್ಲ. ಅಮೆರಿಕದ 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆ ಸರ್ಕಾರಿ ಮತ್ತು ಬುಡಕಟ್ಟು ಜಮೀನಿನಿಂದ ಅನುಮತಿಯಿಲ್ಲದೆ ತೆಗೆದ ಪ್ರಾಚೀನ ವಸ್ತುವಿನ ಮಾರಾಟವನ್ನು ಅಪರಾಧವಾಗಿಸಿದೆ. 1990ರ ಕಾಯ್ದೆ ಸಮಾಧಿಯ ವಸ್ತುಗಳನ್ನು ವಸ್ತುಸಂಗ್ರಹಾಲಯಗಳು ಮರಳಿಸುವ ದಾರಿ ಮಾಡಿತು. 2022ರ ಕಾಯ್ದೆ ಅಂಥವನ್ನು ದೇಶದಾಚೆ ಸಾಗಿಸುವುದನ್ನು ತಡೆಯುತ್ತದೆ. ತಳದಲ್ಲಿ ಶಾಯಿಯಲ್ಲಿ ಬರೆದ ಹಳೆಯ ಸಂಖ್ಯೆ ಕಂಡರೆ ಅದು ಯಾವ ಸಂಗ್ರಹದ್ದು ಎಂದು ವಿಚಾರಿಸುವವರೆಗೆ ಹಣ ಕೊಡಬೇಡಿ. ಇನ್ನು ಹೊಸದಾಗಿ ಮಾಡಿದ್ದನ್ನು ಮೂಲನಿವಾಸಿ ಕೆಲಸವೆಂದು ಸುಳ್ಳು ಹೇಳಿ ಮಾರುವವರಿಗೆ 1990ರ ಇನ್ನೊಂದು ಕಾಯ್ದೆಯಲ್ಲಿ ಮೊದಲ ತಪ್ಪಿಗೇ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು ಇದೆ.

ಮನೆಗೆ ತಂದ ಮೇಲೆ ನೀರು ಹಾಕಬೇಡಿ, ಹೂವಿನ ಕುಂಡ ಮಾಡಬೇಡಿ. ಹಿಕ್ಕೆಯಲ್ಲಿ ಬೆಂದ ಮೈ ನೀರು ಹೀರುತ್ತದೆ, ಒಳಗಿನ ಲವಣ ಮೇಲೆ ಬಂದು ಹರಳುಗಟ್ಟಿ ಹೊಳಪಿನ ಪದರವನ್ನು ಎಬ್ಬಿಸುತ್ತದೆ. ಧೂಳಿಗೆ ಒಣ ಮೆತ್ತನೆಯ ಕುಂಚ ಸಾಕು. ಬಣ್ಣ ಸಡಿಲವಿದ್ದರೆ ಅದೂ ಬೇಡ. ಎತ್ತುವಾಗ ಬಾಯಿಯಂಚು ಹಿಡಿಯದೆ ಒಂದು ಕೈ ತಳಕ್ಕೆ, ಒಂದು ಕೈ ಹೊಟ್ಟೆಗೆ ಕೊಡಿ. ಉಂಗುರ, ಬಳೆ ಮೊದಲೇ ತೆಗೆದಿಡಿ.